ವಯಸ್ಸು ಕೇಳಬೇಡಿ, ಕಣ್ಣು ನೋಡಿ

"ಮಾವಶಿ, ವಯಸ್ಸೆಷ್ಟ ನಿನ್ನದು?"

ಟಿಳಕವಾಡಿಯ ಒಂದು ಚಷ್ಮಾದಂಗಡಿಯಲ್ಲಿ ನನ್ನ ಅವ್ವನಿಗೆ ಕೇಳಿದ ಮೊದಲ ಪ್ರಶ್ನೆ ಇದು. ಕೊನೆಯ ಪ್ರಶ್ನೆಯೂ ಇದೇ ಆಯಿತು. ಅದು 2019ರ ಬೇಸಿಗೆ. ಖಾನಾಪುರದಿಂದ ಬಸ್ಸು ಹತ್ತಿ, ಸುಮಾರು 26 ಕಿಲೋಮೀಟರು ಕುಲುಕಿಸಿಕೊಂಡು ಬಂದು, ರೈಲ್ವೆ ಗೇಟು ತೆರೆಯುವತನಕ ಬಿಸಿಲಲ್ಲಿ ನಿಂತು, ಆ ಅಂಗಡಿಯ ಮೆಟ್ಟಿಲು ಹತ್ತಿದ್ದೆವು. ಅವ್ವ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದಳು. ಬಿಡು ಅಂತ ಯಾರೂ ಹೇಳಿರಲಿಲ್ಲ.

ಅವ್ವನಿಗೆ ತನ್ನ ವಯಸ್ಸು ಗೊತ್ತಿಲ್ಲ. ನಮ್ಮ ಕೇರಿಯಲ್ಲಿ ಹುಟ್ಟಿದ ತಾರೀಖು ಬರೆದಿಡುವವರು ಯಾರಿದ್ದರು? "ಎಪ್ಪತ್ತೆರಡರ ಬರದಾಗ ನಾ ಕೈಗೂಸಂತ" ಅಂದಳು. ಅಂಗಡಿಯವನು ಬೆರಳು ಮಡಚಿ ಲೆಕ್ಕ ಹಾಕಿದ. ನಲವತ್ತೆಂಟು. ಡಬ್ಬಿಯೊಳಗಿಂದ ಒಂದೂವರೆ ನಂಬರಿನ ರೆಡಿಮೇಡ್ ಚಷ್ಮಾ ತೆಗೆದು ಅವಳ ಮೂಗಿನ ಮೇಲೆ ಇಟ್ಟ. ಒಂದು ಪಂಚಾಂಗದ ಹಾಳೆ ತೋರಿಸಿದ. "ಕಾಣಸ್ತೈತಿ?" "ಕಾಣಸ್ತೈತ್ರಿ." ಮುಗಿಯಿತು.

ಅಷ್ಟರಲ್ಲಿ ಇಸ್ತ್ರಿ ಅಂಗಿಯ ಒಬ್ಬರು ಬಂದರು. "ಬರ್ರಿ ಸರ್, ಕುಂದರ್ರಿ" ಅಂದ ಅಂಗಡಿಯವನು ಅವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಒಳಗೆ ಯಂತ್ರ ಇತ್ತು, ಅಕ್ಷರದ ಫಲಕ ಇತ್ತು, ಬೇರೆ ಬೇರೆ ಗಾಜಿನ ಪೆಟ್ಟಿಗೆ ಇತ್ತು. ಅಂದರೆ ಕಣ್ಣು ನೋಡುವ ವಿದ್ಯೆ ಆ ಅಂಗಡಿಯಲ್ಲಿ ಇತ್ತು. ಅವ್ವನ ಪಾಲಿಗೆ ಇರಲಿಲ್ಲ, ಅಷ್ಟೇ.

ಹೊರಡುವಾಗ ಅವ್ವ ಒಂದು ಮಾತು ಹೇಳಿದಳು. ಚಷ್ಮಾ ಹಾಕಿಕೊಂಡೇ ಬೀದಿಯ ಆಚೆ ನೋಡಿ, "ಇದನ್ನ ಹಾಕ್ಕೊಂಡ್ರ ದೂರದ ಬೋರ್ಡೂ ಚಲೋ ಕಾಣಸ್ತೈತಲ್ಲೋ ತಮ್ಮಾ" ಅಂದಳು. ಅಂಗಡಿಯವನು ನಕ್ಕ. "ಅದು ಓದೋ ಚಷ್ಮಾ ಮಾವಶಿ, ದೂರ ನೋಡೂಮುಂದ ತೆಗಿಬೇಕು" ಅಂದ. ನಾನು ಮಾಸ್ತರ. ಹತ್ತನೆಯ ಇಯತ್ತೆಯ ವಿಜ್ಞಾನದಲ್ಲಿ ದೂರದೃಷ್ಟಿ ದೋಷದ ಚಿತ್ರ ಬಿಡಿಸಿ ಅಂಕ ತಗೊಂಡವನು. ನಾನೂ ನಕ್ಕೆ. ಈ ಲೇಖನ ಬರೆಯುತ್ತಿರುವುದು ಆ ನಗುವಿಗಾಗಿ.

ಅವ್ವ ಅವತ್ತು ತನ್ನ ಕಾಯಿಲೆಯನ್ನು ತಾನೇ ಕಂಡುಹಿಡಿದು ಹೇಳಿದ್ದಳು. ಕೇಳುವ ಕಿವಿ ನಮಗಿರಲಿಲ್ಲ.

*

ಗೆಳೆಯರೇ, ಸ್ವಲ್ಪ ತಾಳ್ಮೆಯಿಂದ ಕೇಳಿ. ಇದು ಡಾಕ್ಟರರ ಗುಟ್ಟಲ್ಲ, ಬರೀ ಕೂಡಿಸುವ ಲೆಕ್ಕ.

ಕಣ್ಣಿನೊಳಗಿನ ಮಸೂರ ಎಳೆತನದಲ್ಲಿ ಮೆತ್ತಗೆ ಇರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ, ದೂರಕ್ಕೆ ನೋಡುವಾಗ ಚಪ್ಪಟೆಯಾಗುತ್ತದೆ. ವಯಸ್ಸಾದಂತೆ ಅದು ಬಿರುಸಾಗುತ್ತ ಹೋಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಸೂಜಿಯ ಕಣ್ಣು ಕಾಣುವುದಿಲ್ಲ, ಅಕ್ಕಿಯಲ್ಲಿನ ಹರಳು ಕಾಣುವುದಿಲ್ಲ. ಮರಾಠಿ ಹಿಂದಿಯ ನಲವತ್ತನ್ನೇ ಹಿಡಿದು ನಮ್ಮ ಜನ ಇದನ್ನು ಚಾಳೀಸು ಅಂತ ಕರೆದರು. ಇದು ಎಲ್ಲರಿಗೂ ಬರುವಂಥದ್ದು. ವಾಡೆಯೊಳಗಿನ ದೇಸಾಯಿಗೂ ಬರುತ್ತದೆ, ದೇಸಾಯಿಯ ಹೊಲದ ಆಳಿಗೂ ಬರುತ್ತದೆ.

40 ಸೆಂಟಿಮೀಟರು ದೂರದಲ್ಲಿರುವ ಅಕ್ಷರ ಓದಲು ಕಣ್ಣು ಎರಡೂವರೆ ಡಯಾಪ್ಟರಿನಷ್ಟು ಶಕ್ತಿ ಖರ್ಚು ಮಾಡಬೇಕು. ಅಂಗಡಿಯವರು ನಂಬರು ಅನ್ನುವುದು ಇದನ್ನೇ. ಹತ್ತು ವರ್ಷದ ಹುಡುಗನ ಕಣ್ಣಿನ ಗಂಟಿನಲ್ಲಿ ಇಂಥವು ಹನ್ನೆರಡಾದರೂ ಇರುತ್ತವೆ. ನಲವತ್ತೆಂಟರ ಹೊತ್ತಿಗೆ ಮೂರೋ ನಾಲ್ಕೋ ಉಳಿದಿರುತ್ತವೆ. ಅರವತ್ತಕ್ಕೆ ಹೆಚ್ಚೆಂದರೆ ಒಂದು. ಗಂಟಿನಲ್ಲಿದ್ದದ್ದನ್ನೆಲ್ಲ ಒಮ್ಮೆಲೇ ಸುರಿದು ಯಾರೂ ದಿನವಿಡೀ ದುಡಿಯಲಾರರು. ಅರ್ಧದಷ್ಟನ್ನಾದರೂ ಕೈಯಲ್ಲಿ ಉಳಿಸಿಕೊಂಡರೆ ಮಾತ್ರ ಕಣ್ಣು ಹಾಯಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಕೊರತೆಯಷ್ಟನ್ನು ಉಬ್ಬುಗಾಜು, ಅಂದರೆ ಪೀನ ಮಸೂರ, ತುಂಬಿಕೊಡಬೇಕು. ದೂರದ ದೋಷ ಏನೂ ಇಲ್ಲದವರಿಗೆ ಈ ವಯಸ್ಸಿನಲ್ಲಿ ಒಂದೂವರೆ ನಂಬರು ಸಾಕು. ಅಂಗಡಿಯವನ ಬೆರಳಿನ ಲೆಕ್ಕ ಅಲ್ಲಿಯತನಕ ಸರಿ.

ಆದರೆ ದೂರದೃಷ್ಟಿ ದೋಷದವರ ಕಣ್ಣು ಹುಟ್ಟುತ್ತಲೇ ಸಾಲದಲ್ಲಿರುತ್ತದೆ. ಅವರ ಕಣ್ಣುಗುಡ್ಡೆ ಹೆಚ್ಚಾಗಿ ಮೋಟು. ಬೆಳಕು ಕೂಡಬೇಕಾದದ್ದು ಅಕ್ಷಿಪಟದ ಮೇಲೆ, ಕೂಡುವುದು ಅದರ ಹಿಂದೆ. ಅದನ್ನು ಮುಂದೆ ಎಳೆದು ತರಲು ಕಣ್ಣು ಸದಾ ಉಬ್ಬಿಕೊಂಡೇ ಇರಬೇಕು. ಉಳಿದವರ ಕಣ್ಣು ದೂರದ ಗುಡ್ಡ ನೋಡುವಾಗ ವಿಶ್ರಾಂತಿ ತಗೊಳ್ಳುತ್ತದೆ. ಇವರ ಕಣ್ಣು ಆಗಲೂ ದುಡಿಯುತ್ತಲೇ ಇರುತ್ತದೆ. ಜೀತದ ಆಳಿಗೆ ಅಮಾವಾಸ್ಯೆಯ ರಜೆಯೂ ಇಲ್ಲವಲ್ಲ, ಹಾಗೆ.

ಅವ್ವನ ಕಣ್ಣಿನ ದೂರದ ಸಾಲ ಎರಡು ನಂಬರು. ಅದರ ಮೇಲೆ ಓದುವ ಖರ್ಚು ಎರಡೂವರೆ. ಒಟ್ಟು ನಾಲ್ಕೂವರೆ. ಗಂಟಿನಲ್ಲಿ ಇದ್ದದ್ದು ಮೂರೂವರೆ ಅಂತ ಹಿಡಿಯಿರಿ. ಅಂಗಡಿಯವನು ಕೊಟ್ಟ ಒಂದೂವರೆ ಅವಳ ದೂರದ ಸಾಲಕ್ಕೂ ಸಾಲಲಿಲ್ಲ. ಅದಕ್ಕೇ ಆ ಚಷ್ಮಾದಲ್ಲಿ ಅವಳಿಗೆ ದೂರದ ಬೋರ್ಡೂ ಚಲೋ ಕಂಡಿತು. ಸಾಲ ಇಲ್ಲದ ಕಣ್ಣಿಗೆ ಅದೇ ಗಾಜಿನಲ್ಲಿ ದೂರದ್ದು ಮಬ್ಬಾಗಬೇಕಿತ್ತು. ಹತ್ತಿರದ್ದು? ಎರಡು ನಿಮಿಷ ಕಾಣುತ್ತದೆ, ಆಮೇಲೆ ಕಣ್ಣಲ್ಲಿ ನೀರು, ಹಣೆಯಲ್ಲಿ ನೋವು. ಮನೆಗೆ ಬಂದ ನಾಲ್ಕನೇ ದಿನ ಅವ್ವ ಚಷ್ಮಾವನ್ನು ಗೂಡಿನಲ್ಲಿಟ್ಟಳು. "ತಲಿಬ್ಯಾನಿ ಬರ್ತೈತಿ. ನನ್ನ ಕಣ್ಣಿಗೆ ಚಷ್ಮಾ ಒಗ್ಗೂದಿಲ್ಲ" ಅಂದಳು.

ನೋಡಿ, ಒಗ್ಗದ್ದು ಅಂಗಡಿಯವನ ಗಾಜು. ತಪ್ಪು ಹೊತ್ತುಕೊಂಡದ್ದು ಅವ್ವನ ಕಣ್ಣು. ಸಾವಿರಾರು ವರ್ಷದಿಂದ ನಮ್ಮ ಜನಕ್ಕೆ ಕಲಿಸಿದ ಪಾಠ ಇದೇ ಅಲ್ಲವೇ?

*

ಇದಕ್ಕೂ ಮೊದಲು ನಮ್ಮೂರಿಗೆ ಒಂದು ನೇತ್ರ ಶಿಬಿರ ಬಂದಿತ್ತು. ಶಾಮಿಯಾನ ಹಾಕಿದ್ದರು, ಹಾರ ತುರಾಯಿ ಇತ್ತು, ಭಾಷಣ ಇತ್ತು. ಆರು ಮೀಟರು ದೂರದಲ್ಲಿ ಫಲಕ ತೂಗುಹಾಕಿ ಯಾವ ಕಡೆ ಬಾಯಿ ತೆರೆದಿದೆ ಹೇಳು ಅಂದರು. ಅವ್ವ ಕೊನೆಯ ಸಾಲಿನತನಕ ಬೆರಳು ತೋರಿಸಿ ಹೇಳಿದಳು. "ನಿನ್ನ ಕಣ್ಣು ಫಸ್ಟ್‌ಕ್ಲಾಸ್ ಅದಾವು, ಮುಂದ ನಡಿ" ಅಂದರು. ಪೊರೆ ಇದ್ದವರನ್ನು ಆಪರೇಷನ್ನಿಗೆ ಬರೆದುಕೊಂಡರು, ಉಳಿದವರನ್ನು ಕಳಿಸಿದರು. ಹತ್ತಿರದ ಅಕ್ಷರ ಹಿಡಿದು ಯಾರೂ ಕೇಳಲಿಲ್ಲ. ನೀನು ಏನು ಕೆಲಸ ಮಾಡುತ್ತೀ ಅಂತಲೂ ಕೇಳಲಿಲ್ಲ.

ದೂರದ ಫಲಕ ಮಾತ್ರ ನೋಡಿದರೆ ದೂರದೃಷ್ಟಿಯ ಕಣ್ಣು ಪರೀಕ್ಷಕನನ್ನು ಮೋಸಗೊಳಿಸುತ್ತದೆ. ಗಂಟಿನಲ್ಲಿ ಉಳಿದದ್ದನ್ನೆಲ್ಲ ಸುರಿದು ಕೊನೆಯ ಸಾಲು ಓದಿಬಿಡುತ್ತದೆ. ಹೊಟ್ಟೆಗೆ ಇಲ್ಲದವಳು ನೆಂಟರ ಮುಂದೆ ಉಂಡಿದ್ದೇನೆ ಅನ್ನುವ ಹಾಗೆ. ಆ ಸುಳ್ಳು ಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ. ಒಂದು ಕಣ್ಣು ಮುಚ್ಚಿಸಿ, ಇನ್ನೊಂದರ ಮುಂದೆ ಎರಡು ನಂಬರಿನ ಉಬ್ಬುಗಾಜು ಹಿಡಿದು ಅದೇ ದೂರದ ಫಲಕ ತೋರಿಸಬೇಕು. ದೋಷವಿಲ್ಲದ ಕಣ್ಣಿಗೆ ಸಾಲುಗಳು ಮಬ್ಬಾಗುತ್ತವೆ. ಮಬ್ಬಾಗಲಿಲ್ಲ ಅಂದರೆ, ಮೊದಲಿಗಿಂತ ಚಲೋ ಕಂಡಿತು ಅಂದರೆ, ಅಲ್ಲಿ ಸಾಲ ಇದೆ. ಅಷ್ಟೇ ಪರೀಕ್ಷೆ.

ದೂರದೃಷ್ಟಿ ಅನ್ನುವ ಹೆಸರೇ ಒಂದು ಮೋಸ. ಮಂತ್ರಿಗಳ ಸನ್ಮಾನದಲ್ಲಿ ಅದು ಬಿರುದು. ವೈದ್ಯರ ಚೀಟಿಯಲ್ಲಿ ಅದು ದೋಷ. ಹೆಸರು ಕೇಳಿದವರು ಇವರಿಗೆ ದೂರದ್ದಾದರೂ ಚೆನ್ನಾಗಿ ಕಾಣುತ್ತದೆ ಅಂದುಕೊಳ್ಳುತ್ತಾರೆ. ಗಂಟು ಕರಗಿದ ಮೇಲೆ, ಐವತ್ತು ದಾಟಿದ ಮೇಲೆ, ಹತ್ತಿರದ್ದೂ ಇಲ್ಲ, ದೂರದ್ದೂ ಇಲ್ಲ.

*

ಅವ್ವನಿಗೆ ವಯಸ್ಸು ಕೇಳಿ ಚಷ್ಮಾ ಕೊಟ್ಟ ಈ ಟಿಳಕವಾಡಿ ಚರಿತ್ರೆಯ ಜಾಗ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ, 1924ರದು, ಇಲ್ಲಿ ನಡೆಯಿತು. ಅದರ ನೆನಪಿಗೆ ವೀರಸೌಧ ಇದೆ, ಅಧಿವೇಶನಕ್ಕೆಂದು ತೋಡಿದ ಬಾವಿ ಇದೆ, ಕಾಂಗ್ರೆಸ್ ರೋಡು ಇದೆ. ಆ ಗಾಂಧೀಜಿಯ ಚಷ್ಮಾ 2014ರಲ್ಲಿ ಸ್ವಚ್ಛ ಭಾರತದ ಗುರುತಾಯಿತು. ಕಸದ ಗಾಡಿಗೆ ಅದೇ ಚಷ್ಮಾ, ಶೌಚಾಲಯದ ಗೋಡೆಗೆ ಅದೇ ಚಷ್ಮಾ. ಆ ಗಾಡಿ ತಳ್ಳಿ ಕೂದಲು ಹಣ್ಣಾದ ಹೆಣ್ಣುಮಗಳಿಗೆ ಹಾಜರಿ ಪುಸ್ತಕದಲ್ಲಿನ ತನ್ನ ಹೆಸರು ಕಾಣದಿದ್ದರೆ ಕೇಳುವವರು ಯಾರು? ಗೋಡೆಗೆ ಚಷ್ಮಾ ಹಾಕಿದ ಸರಕಾರಕ್ಕೆ ಅವಳ ಮೂಗು ಕಾಣಲಿಲ್ಲವೇ?

ಇದೇ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಇದೆ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ. ಸರಕಾರ ಮನಸ್ಸು ಮಾಡಿದಾಗ ಊರೂರಿಗೆ, ಕೇರಿ ಕೇರಿಗೆ ಬಂದು, ಒಲ್ಲೆ ಅಂದವರ ತೋಳನ್ನೂ ಹುಡುಕಿ ಲಸಿಕೆ ಚುಚ್ಚಿತು. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತ ಅಂತ ಘೋಷಣೆಯಾಯಿತು. ಯಾಕೆ ಬಂತು ಕೇರಿಗೆ? ಕೇರಿಯ ಸಿಡುಬು ಅಗ್ರಹಾರಕ್ಕೂ ಹಾರುತ್ತಿತ್ತು. ಚಾಳೀಸು ಹಾರುವುದಿಲ್ಲ. ಅವ್ವನ ಕಣ್ಣು ಮಬ್ಬಾದರೆ ಯಾರ ಬಂಗಲೆಗೂ ಅದು ಅಂಟುವುದಿಲ್ಲ. ಅಂಟದ ರೋಗದ ಬಡವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಇನ್ನು ನಮ್ಮ ಬಾಬಾಸಾಹೇಬರು. 1925ರಲ್ಲಿ ಇದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಸಮ್ಮೇಳನ ನಡೆಸಿದವರು. ಅವರ ಮೂರ್ತಿಗೆ ಚಷ್ಮಾ ಇಲ್ಲದಿದ್ದರೆ ನಮ್ಮ ಮಕ್ಕಳು ಗುರುತು ಹಿಡಿಯುವುದಿಲ್ಲ. ಕೈಯಲ್ಲಿ ಪುಸ್ತಕ, ಕಣ್ಣಿಗೆ ಚಷ್ಮಾ. ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆ ಮೈಯನ್ನು ತಿನ್ನುತ್ತಿದ್ದಾಗ, ದೃಷ್ಟಿ ಕುಂದುತ್ತಿದ್ದಾಗ ಬುದ್ಧನ ಬಗ್ಗೆ ಬರೆದು ಮುಗಿಸಿದವರು. ಏಪ್ರಿಲ್ 14ಕ್ಕೆ ನಾವು ಏಣಿ ಹಾಕಿ ಆ ಮೂರ್ತಿಯ ಚಷ್ಮಾ ಒರೆಸುತ್ತೇವೆ. ಕೆಳಗೆ ನಿಂತ ನಮ್ಮ ಅವ್ವ, ನಮ್ಮ ಚಿಗವ್ವ, ಪೀಠದ ಮೇಲೆ ಕೆತ್ತಿದ ಅಕ್ಷರಕ್ಕೆ ಬೆರಳು ಆಡಿಸುತ್ತಾರೆ. ಓದಲು ಆಗುವುದಿಲ್ಲ. ಕಲ್ಲಿನ ಕಣ್ಣಿಗೆ ಚಷ್ಮಾ ಸರಿ ಇದೆಯೋ ಇಲ್ಲವೋ ಅಂತ ನೋಡುವ ನಾವು, ಜೀವಂತ ಕಣ್ಣು ನೋಡಿದ್ದೇವೆಯೇ?

*

ಮಾಸ್ತರರಿಗೆ ಒಂದು ಮಾತು. ರಾತ್ರಿ ಶಾಲೆ, ಸಾಕ್ಷರತಾ ಕೇಂದ್ರ ನಡೆಸಿದವರಿಗೆಲ್ಲ ಈ ಅನುಭವ ಇದೆ. ಮೊದಲ ವಾರ ಇಪ್ಪತ್ತು ಹೆಣ್ಣುಮಕ್ಕಳು, ತಿಂಗಳಿಗೆ ಎಂಟು, ಆಮೇಲೆ ಖಾಲಿ. ನಾವು ವರದಿ ಬರೆಯುತ್ತೇವೆ: ಆಸಕ್ತಿ ಇಲ್ಲ, ಮನೆಗೆಲಸ, ತಲೆಗೆ ಹತ್ತುವುದಿಲ್ಲ. ತಲೆಗೆ ಹತ್ತುವ ಮೊದಲು ಅಕ್ಷರ ಕಣ್ಣಿಗೆ ಹತ್ತಬೇಕಲ್ಲ! ನಲವತ್ತೈದು ದಾಟಿದವಳ ಕೈಗೆ ಸಣ್ಣ ಅಕ್ಷರದ ಪುಸ್ತಕ, ಮಂದ ಬಲ್ಬು. ಅಆಇಈ ಅವಳಿಗೆ ಇರುವೆ ಸಾಲು. ನಾನೂ ಇಂಥ ಒಬ್ಬಳಿಗೆ "ನಿನ್ನೆ ಹೇಳಿಕೊಟ್ಟದ್ದು ಇವತ್ತ ಮರತಿ" ಅಂತ ಬೈದಿದ್ದೇನೆ. ಅವಳು ಮರೆತಿರಲಿಲ್ಲ. ಅವಳಿಗೆ ಕಂಡೇ ಇರಲಿಲ್ಲ.

2022ರಿಂದ ನವಭಾರತ ಸಾಕ್ಷರತಾ ಕಾರ್ಯಕ್ರಮ ಹದಿನೈದು ದಾಟಿದ ಎಲ್ಲರಿಗೂ ಅಕ್ಷರ ಕೊಡುತ್ತೇವೆ ಅನ್ನುತ್ತಿದೆ. ಒಂದು ಕಾಲದಲ್ಲಿ ನಮಗೆ ಅಕ್ಷರ ಮುಟ್ಟಗೊಡಲಿಲ್ಲ. ಈಗ ಪುಸ್ತಕ ಕೈಗೆ ಕೊಟ್ಟು ಕಾಣಗೊಡುತ್ತಿಲ್ಲ. ಎರಡರ ಫಲ ಒಂದೇ, ಹೆಬ್ಬೆಟ್ಟು. ಪಡಿತರದ ಚೀಟಿ, ಸಂಘದ ಸಾಲದ ಪುಸ್ತಕ, ಹೊಲದ ಉತಾರ, ಯಾವುದಕ್ಕೂ ಇನ್ನೊಬ್ಬರ ಕಣ್ಣು ಬೇಡಬೇಕು. ಓದಿ ಹೇಳುವವನು ಏನು ಹೇಳಿದರೆ ಅದೇ ಸತ್ಯ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಬರೀ ಚಾಳೀಸಿಗೆ ಚಷ್ಮಾ ಸಿಗದೆ ಹತ್ತಿರದ ದೃಷ್ಟಿ ಕಳೆದುಕೊಂಡವರು ಜಗತ್ತಿನಲ್ಲಿ 82 ಕೋಟಿ 60 ಲಕ್ಷ. 2018ರಲ್ಲಿ ಅಸ್ಸಾಮಿನ ಚಹಾ ತೋಟದ ಒಂದು ಅಧ್ಯಯನ ಪ್ರಕಟವಾಯಿತು. ನಲವತ್ತು ದಾಟಿದ 751 ಕೂಲಿಗಳಲ್ಲಿ ಅರ್ಧ ಜನಕ್ಕೆ ಹತ್ತಿರದ ಚಷ್ಮಾ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿಯುವತನಕ ಕೊಡಲಿಲ್ಲ. ಚಷ್ಮಾ ಇದ್ದವರು ಕೀಳುವ ಎಲೆ ಶೇಕಡಾ 39ರಷ್ಟು ಹೆಚ್ಚಿತು, ಇಲ್ಲದವರದು 18ರಷ್ಟು. ಬಹಳ ಸಂತೋಷ. ಆದರೆ ಈ ಲೆಕ್ಕ ಮಾಲೀಕನ ಬುಟ್ಟಿಯದು. ಬುಟ್ಟಿ ತುಂಬುತ್ತದೆ ಅಂತ ಚಷ್ಮಾ ಕೊಡುವವರು ಬುಟ್ಟಿ ಹೊರಲಾರದ ಮುದುಕಿಗೆ ಏನು ಕೊಡುತ್ತಾರೆ? ವಡಗಾವಿ ಖಾಸಬಾಗದ ಮಗ್ಗದ ಮುಂದೆ ಎಳೆ ಹುಡುಕುವವನಿಗೆ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳಿಗೆ ಚಷ್ಮಾ ಬೇಕು. ಬರೀ ಕೂಲಿ ಹೆಚ್ಚಲಿ ಅಂತಲ್ಲ, ಕೂಲಿಯ ಚೀಟಿಯಲ್ಲಿ ಎಷ್ಟು ಬರೆದಿದ್ದಾರೆ ಅಂತ ತಾವೇ ನೋಡಲಿ ಅಂತ.

*

ನಮ್ಮವರೇ ಕೆಲವರು ಕೇಳುತ್ತಾರೆ: "ಭೂಮಿ ಇಲ್ಲ, ಕೂಲಿ ಇಲ್ಲ, ನೀವು ಚಷ್ಮಾದ ಬಗ್ಗೆ ಬರೀತೀರಲ್ಲ?" ಭೂಮಿಯ ಕಾಗದ ಓದುವುದು ಯಾವುದರಿಂದ ಮಾರಾಯರೇ? ಚಳವಳಿಯ ಮೊದಲ ತಲೆಮಾರಿನವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಕರಪತ್ರವನ್ನು ಮಾರುದ್ದ ಹಿಡಿದು ಓದುತ್ತಾರೆ, ಕೈ ಸಾಲದೆ ಹುಡುಗರ ಕೈಗೆ ಕೊಡುತ್ತಾರೆ. ಪುಟ ಉಳಿಸಲು ಅಕ್ಷರ ಸಣ್ಣ ಮಾಡುವ ನಮ್ಮ ಪತ್ರಿಕೆಗಳೂ ಈ ಪಾಪದಲ್ಲಿ ಪಾಲುದಾರರು. ಸಂಪಾದಕರು ಸಿಟ್ಟಾಗಬಾರದು.

ಇನ್ನು ಕೆಲವರು, "ಚಷ್ಮಾ ಹಾಕಿದರ ನಂಬರ್ ಏರ್ತೈತಿ" ಅನ್ನುತ್ತಾರೆ. ಸುಳ್ಳು. ಮಸೂರ ಬಿರುಸಾಗುವುದು ವಯಸ್ಸಿನಿಂದ. ಚಷ್ಮಾ ಹಾಕಲಿ ಬಿಡಲಿ, ಅದು ಬಿರುಸಾಗಿಯೇ ಆಗುತ್ತದೆ. "ಇಷ್ಟು ವರ್ಷ ಚಲೋ ಕಾಣ್ತಿತ್ತು, ಈಗೇಕೆ ದೂರಕ್ಕೂ ಚಷ್ಮಾ" ಅನ್ನುವವರಿಗೂ ಅದೇ ಉತ್ತರ. ದೋಷ ಮೊದಲಿಂದ ಇತ್ತು, ಹರೆಯ ಅದನ್ನು ಮುಚ್ಚಿತ್ತು.

ಮತ್ತೆ ಕೆಲವರು, "ಬಡವರಿಗೆ ರೆಡಿಮೇಡ್ ಸಾಕು, ಅದಾದರೂ ಸಿಗಲಿ" ಅನ್ನುತ್ತಾರೆ. ಎರಡೂ ಕಣ್ಣು ಸಮ ಇದ್ದು, ದೂರದ ದೋಷ ಇಲ್ಲದವರಿಗೆ ಅದು ಸಾಕು. ಬೇಗನೆ, ಅಗ್ಗದಲ್ಲಿ, ಸಂತೆಯಲ್ಲೇ ಸಿಗಲಿ. ಆದರೆ ಯಾರಿಗೆ ಸಾಕು, ಯಾರಿಗೆ ಸಾಲದು ಅಂತ ಗೊತ್ತಾಗುವುದು ಕಣ್ಣು ನೋಡಿದ ಮೇಲೆ. ರೆಡಿಮೇಡಿನಲ್ಲಿ ಎರಡೂ ಕಡೆ ಒಂದೇ ನಂಬರು. ಎರಡು ಕಣ್ಣಿನ ಸಾಲ ಬೇರೆ ಬೇರೆ ಇದ್ದರೆ ಅದು ಏನು ಮಾಡೀತು? ಇನ್ನೊಂದು ಅಪಾಯವೂ ಇದೆ. ದೂರದೃಷ್ಟಿಯ ಮೋಟು ಕಣ್ಣಿನೊಳಗೆ ಜಾಗ ಇಕ್ಕಟ್ಟು. ನೀರು ಹರಿದು ಹೋಗುವ ಮೂಲೆ ಮುಚ್ಚಿಕೊಂಡು ಒತ್ತಡ ಏರುವ ಗ್ಲಾಕೋಮಾ ಇಂಥವರಿಗೆ ಬರುವ ಸಂಭವ ಹೆಚ್ಚು. ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಕಣ್ಣು ಕೆಂಪಾಗಿ ವಾಂತಿ ಬರುವಂಥ ನೋವಾದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ವಯಸ್ಸು ಕೇಳಿ ಗಾಜು ಮಾರುವವನು ಇದನ್ನೆಲ್ಲ ಕಾಣುವುದಿಲ್ಲ.

ಸರಕಾರಕ್ಕೆ ಇದು ಗೊತ್ತಿಲ್ಲದ ವಿಷಯ ಅಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ. 2024ರಲ್ಲಿ ರಾಜ್ಯ ಸರಕಾರ ಹಾವೇರಿಯಲ್ಲಿ ಆಶಾಕಿರಣ ಅನ್ನುವ ಯೋಜನೆ ಉದ್ಘಾಟಿಸಿತು. ಮನೆ ಮನೆಗೆ ಹೋಗಿ ಕಣ್ಣು ನೋಡುವುದು, ಪುಕ್ಕಟೆ ಚಷ್ಮಾ ಕೊಡುವುದು. ಒಳ್ಳೆಯ ಕೆಲಸ, ಒಳ್ಳೆಯದು ಅನ್ನೋಣ. ಮೊದಲ ಹಂತಕ್ಕೆ ಆರಿಸಿದ್ದು ಕಲಬುರಗಿ, ರಾಯಚೂರು, ಹಾವೇರಿ, ಚಿಕ್ಕಬಳ್ಳಾಪುರ. ಬೆಳಗಾವಿ ಆ ನಾಲ್ಕರಲ್ಲಿ ಇರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಚಷ್ಮಾದ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಇಳಿಯಲಿ. ತೆರಿಗೆ ಇಳಿದ ಮಾತ್ರಕ್ಕೆ ಖಾನಾಪುರದ ಕಾಡಂಚಿನ ಊರಿಗೆ ಕಣ್ಣು ನೋಡುವವರು ಬರುವುದಿಲ್ಲ.

*

ಅವ್ವನ ಕಣ್ಣನ್ನು ಕೊನೆಗೂ ಒಬ್ಬರು ನೋಡಿದರು. ಅದೇ ವರ್ಷದ ಕೊನೆಗೆ, ಒಂದು ಸರಕಾರಿ ಆಸ್ಪತ್ರೆಯಲ್ಲಿ, ಒಬ್ಬ ಹೆಣ್ಣುಮಗಳು. "ಏನ ಕೆಲಸ ಮಾಡ್ತೀರಿ ಯವ್ವಾ?" ಅಂತ ಮೊದಲು ಕೇಳಿದರು. "ಕೌದಿ ಹೊಲಿತೀನ್ರಿ, ಅಕ್ಕಿ ಹಸನ ಮಾಡ್ತೀನ್ರಿ." "ಬಟ್ಟಿ ಎಷ್ಟ ದೂರ ಹಿಡೀತೀರಿ, ತೋರ್ಸ್ರಿ." ಅವ್ವ ಗಾಳಿಯಲ್ಲಿ ಸೂಜಿ ಹಿಡಿದು ತೋರಿಸಿದಳು. ಒಂದೊಂದೇ ಕಣ್ಣು ಮುಚ್ಚಿಸಿ ಇಪ್ಪತ್ತು ನಿಮಿಷ ನೋಡಿ ಚೀಟಿ ಬರೆದರು. ದೂರಕ್ಕೆ ಬಲಗಣ್ಣು ಎರಡು, ಎಡಗಣ್ಣು ಎರಡೂವರೆ. ಹತ್ತಿರಕ್ಕೆ ಅದರ ಮೇಲೆ ಒಂದೂವರೆ ಕೂಡಿಸಬೇಕು. ಅಂದರೆ ಸೂಜಿಯ ಕೆಲಸಕ್ಕೆ ಬಲಕ್ಕೆ ಮೂರೂವರೆ, ಎಡಕ್ಕೆ ನಾಲ್ಕು. ಅಂಗಡಿಯ ಒಂದೂವರೆ ಎಲ್ಲಿ, ಇದು ಎಲ್ಲಿ! ಎರಡನ್ನೂ ಒಂದೇ ಗಾಜಿನಲ್ಲಿ ಕೂಡಿಸಿದ ಚಷ್ಮಾ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ನಡೆದರೆ ಕಾಲ ಕೆಳಗಿನ ನೆಲ ಮಬ್ಬಾಗಿ ಎಡವುತ್ತೀರಿ, ಹೊಲಕ್ಕೆ ಬೇರೆ, ಹೊಲಿಗೆಗೆ ಬೇರೆ ಇಟ್ಟುಕೊಳ್ಳಿ ಅಂತ ಹೇಳಿಕಳಿಸಿದರು.

ಹೊಸ ಚಷ್ಮಾ ಬಂದ ದಿನ ಅವ್ವ ತಾನು ಹೊಲಿದ ಕೌದಿ ಹಾಸಿಕೊಂಡು ಕೂತಳು. ಬಹಳ ಹೊತ್ತು ನೋಡಿದಳು. "ಇಷ್ಟ ಸೊಟ್ಟ ಹೊಲದೇನೇನೋ ನಾ? ಯಾರೂ ಹೇಳಲೇ ಇಲ್ಲಲ್ಲ!" ಅಂದು ಎರಡು ಸಾಲು ಬಿಚ್ಚಿದಳು.

ಹೇಳಬೇಕಾದವರು ನಾವು. ಅದಕ್ಕೆ ಈ ಹಕ್ಕೊತ್ತಾಯ:

ಪ್ರತಿ ಶಿಬಿರದಲ್ಲಿ ದೂರದ ಫಲಕದ ಜೊತೆಗೆ ಹತ್ತಿರದ ಫಲಕವೂ ಇರಬೇಕು. ಅದು ಕನ್ನಡದಲ್ಲಿ, ಗಡಿಯ ಊರುಗಳಲ್ಲಿ ಮರಾಠಿಯಲ್ಲೂ, ಅಕ್ಷರ ಬಾರದವರಿಗೆ ಚಿತ್ರದಲ್ಲೂ ಇರಬೇಕು. ನಲವತ್ತು ದಾಟಿದ ಪ್ರತಿಯೊಬ್ಬರ ಕಣ್ಣಿನ ಮುಂದೆ ಉಬ್ಬುಗಾಜು ಹಿಡಿದು ದೂರದೃಷ್ಟಿ ಇದೆಯೋ ನೋಡಬೇಕು. ಕೆಲಸ ಏನು ಅಂತ ಕೇಳಿ, ಆ ಕೆಲಸದ ಅಳತೆಗೆ ನಂಬರು ಬರೆಯಬೇಕು. ನಂಬರಿನ ಚೀಟಿಯನ್ನು ನಮ್ಮ ಕೈಗೆ ಕೊಡಬೇಕು. ಅದು ಅಂಗಡಿಯ ಸ್ವತ್ತಲ್ಲ. ಸಾಕ್ಷರತಾ ಕೇಂದ್ರದಲ್ಲಿ ಪುಸ್ತಕ ಹಂಚುವ ಮೊದಲು ಕಣ್ಣು ನೋಡಬೇಕು. ಖಾನಾಪುರ ತಾಲೂಕಿನ ಹೆಣ್ಣುಮಗಳು ಟಿಳಕವಾಡಿಯ ಮೆಟ್ಟಿಲು ಹತ್ತದೆ ತನ್ನೂರಿನ ಹತ್ತಿರವೇ ಇದೆಲ್ಲ ಸಿಗಬೇಕು.

ಮಾಸ್ತರರೇ, ಹುಡುಗರೇ, ಸರಕಾರಕ್ಕೆ ಕಾಯಬೇಡಿ. ಇವತ್ತು ಸಂಜೆ ಮನೆಗೆ ಹೋಗಿ ಅವ್ವನ ಕೈಗೆ ಒಂದು ಸೂಜಿ ದಾರ ಕೊಡಿ. ಪೋಣಿಸಲು ಆಗದಿದ್ದರೆ ವಯಸ್ಸಾಯಿತು ಅಂತ ನಗಬೇಡಿ. ಗೂಡಿನಲ್ಲಿ ಧೂಳು ತಿನ್ನುವ ಚಷ್ಮಾ ಇದ್ದರೆ ಯಾಕೆ ಹಾಕುವುದಿಲ್ಲ ಅಂತ ಕೇಳಿ. ಅವಳು ಹೇಳಿದ್ದನ್ನು ನಂಬಿ. ನಾನು ನಂಬಲಿಲ್ಲ.